ಫ್ರಿಜ್ಜನ್ನು ಪೂರ್ತಿ ನನಗೇ ಬಿಟ್ಟುಕೊಟ್ಟ ಆದೇಶವನ್ನು ರದ್ದುಪಡಿಸುವ ಬಗ್ಗೆ

ಇಂದ,
ಕೆಳಂತಸ್ತಿನ ಅನುಭೋಗದಾರ (ಬಿಯರ್ ವಿಭಾಗ),
ಹಿಂದಿನ ಕೋಣೆಯ ಹಳೇ ಫ್ರಿಜ್ಜು.
ಹಗಲಿನ ಉದ್ಯೋಗ: ನೀರು ಸರಬರಾಜು ಕಚೇರಿಯ ಕಡತ ಕೊಠಡಿಯಲ್ಲಿ ಗುಮಾಸ್ತ. ಸೇವೆ ಇಪ್ಪತ್ತೆರಡು ವರ್ಷ. ಈವರೆಗೆ ಯಾವ ಆಪಾದನೆಯೂ ಇಲ್ಲ.
ತಮಗೆ ಆಗಬೇಕಾದ ಸಂಬಂಧ: ಗಂಡ.

ಗೆ,
ಮಾನ್ಯ ಮೇಲಂತಸ್ತಿನ ಒಡತಿಯವರು (ಚೀಸ್ ವಿಭಾಗ),
ಅದೇ ಫ್ರಿಜ್ಜು.

ದಿನಾಂಕ: ಶನಿವಾರ, ಇಬ್ಬರಿಗೂ ರಜೆ. ಬೆಳಿಗ್ಗೆ ಆರಕ್ಕೆ ಬರೆಯಲು ಕೂತದ್ದು, ಒಂಬತ್ತೂವರೆಗೆ ಮುಗಿದದ್ದು.

ವಿಷಯ: ಫ್ರಿಜ್ಜನ್ನು ಪೂರ್ತಿಯಾಗಿ ನನಗೇ ಬಿಟ್ಟುಕೊಟ್ಟಿರುವ ತಮ್ಮ ನಿನ್ನೆಯ ಆದೇಶವನ್ನು ರದ್ದುಪಡಿಸಿ, ಬದಲಿಗೆ ನನ್ನನ್ನೇ ಅದರಿಂದ ಹೊರಹಾಕುವಂತೆ ಕೋರಿ ಅರ್ಜಿ.

ಉಲ್ಲೇಖ:
1. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಡಂಬಡಿಕೆ, ಒಂಬತ್ತು ಷರತ್ತುಗಳು. (ಕರಡು ತಯಾರಿಸಿದವನು ನಾನೇ.)
2. ನಿನ್ನೆ ಸಂಜೆ ತಾವು ನೀಡಿದ ಮೌಖಿಕ ಆದೇಶ: "ಇಡೀ ಫ್ರಿಜ್ಜು ನೀವೇ ಇಟ್ಕೊಳ್ಳಿ. ನಂಗಿನ್ನು ಬೇಡ."
3. ಕಳೆದ ಐದು ತಿಂಗಳಲ್ಲಿ ನಾನು ಪದೇ ಪದೇ ನೀಡಿರುವ ಮೌಖಿಕ ಹೇಳಿಕೆ: "ನಂಗೇನು ಗೊತ್ತು?" (ಸದರಿ ಹೇಳಿಕೆ ಸುಳ್ಳು. ವಿವರ ಕೆಳಗಿದೆ.)
4. ಇಂದು ಬೆಳಿಗ್ಗೆ ಅತ್ತೆಯವರು ಹಲ್ಲುಜ್ಜುತ್ತಾ ನನಗೆ ಜಾರಿ ಮಾಡಿದ ಅಂತಿಮ ನೋಟೀಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ವಿಚಾರವನ್ನು ನಾನು ಬಾಯಲ್ಲೇ ಹೇಳಬೇಕಿತ್ತು. ನಿನ್ನೆ ಸಂಜೆಯಿಂದ ಈವರೆಗೆ ಏಳು ಸಲ ಬಾಯಿ ತೆರೆದಿದ್ದೇನೆ. ನಾಲ್ಕು ಸಲ ಅದನ್ನು ಆಕಳಿಕೆಯಾಗಿ ಪರಿವರ್ತಿಸಲಾಯಿತು. ಎರಡು ಸಲ "ಕುಡಿಯೋಕೆ ನೀರಿದ್ಯಾ?" ಎಂದು ಕೇಳಲಾಯಿತು. ಒಂದು ಸಲ ತಾವೇ "ಏನು?" ಅಂದದ್ದಕ್ಕೆ "ಏನಿಲ್ಲ" ಎಂದು ಲಿಖಿತವಲ್ಲದ ಉತ್ತರ ಸಲ್ಲಿಸಲಾಯಿತು. ಇಪ್ಪತ್ತೆರಡು ವರ್ಷ ಕಡತಗಳ ನಡುವೆ ಕೂತವನಿಗೆ ನಿಜ ಹೇಳಬೇಕೆಂದರೆ ಎಡಗಡೆ ಎರಡು ಬೆರಳು ಅಂಚು ಬಿಟ್ಟ ಬಿಳಿ ಹಾಳೆ ಬೇಕು. ಆ ಕಾರಣ ಈ ಅರ್ಜಿ.

1. ಸದರಿ ಫ್ರಿಜ್ಜು ಮೂರು ವರ್ಷದ ಹಿಂದೆ ಬಾಗಿಲು ಹಾಕುತ್ತಿದ್ದ ಹೂವಿನ ಅಂಗಡಿಯಿಂದ ನಮ್ಮ ಮನೆಗೆ ಬಂದದ್ದು ತಮಗೆ ತಿಳಿದೇ ಇದೆ. ಆಗ ನಾನು ಬಿಯರ್ ಹುದುಗಿಸಲು ಶುರುಮಾಡಿದ್ದೆ, ತಾವು ಚೀಸ್ ಮಾಡಲು. ಅಡುಗೆಮನೆಯ ಫ್ರಿಜ್ಜಿನಲ್ಲಿ ಎರಡಕ್ಕೂ ಜಾಗವಿಲ್ಲವೆಂದು ಅತ್ತೆಯವರು, ಅಂದರೆ ತಮ್ಮ ತಾಯಿಯವರು, ತೀರ್ಪು ಕೊಟ್ಟಿದ್ದರು. "ನಮ್ ಕಾಲದಲ್ಲಿ ಹಾಲು ಒಡೆದ್ರೆ ಅಳ್ತಿದ್ವಿ. ನನ್ನ ಮಗಳು ಬೇಕೂಂತ ಒಡೆಸ್ತಾಳೆ. ಅಳಿಯಂದ್ರು ಒಳ್ಳೇ ಬಾರ್ಲೀನ ಕೊಳೆಸ್ತಾರೆ. ಸರಿಯಾಗಿದೆ ಜೋಡಿ" ಎಂಬುದು ಆ ತೀರ್ಪಿನ ಪೂರ್ಣ ಪಾಠ. ನನ್ನ ಬಿಯರಿಗೂ ತಮ್ಮ ಚೀಸಿಗೂ ಬೇಕಾದದ್ದು ಒಂದೇ ಹನ್ನೆರಡು ಡಿಗ್ರಿ ತಂಪು. ಆದರೆ ತಮ್ಮ ಚೀಸು ಬದುಕುವುದೇ ಬೂಷ್ಟಿನಿಂದ, ನನ್ನ ಬಿಯರು ಸಾಯುವುದೇ ಬೂಷ್ಟಿನಿಂದ. ತಮ್ಮ ಬೂಷ್ಟು ನನ್ನ ಡ್ರಮ್ಮಿಗಿಳಿದರೆ ಬಿಯರು ಹುಳಿಯಾಗುತ್ತದೆಂದು ನನ್ನ ದೂರು. ನನ್ನ ಯೀಸ್ಟು ತಮ್ಮ ಚೀಸಿಗೆ ಹತ್ತಿದರೆ ಅದು ಹೊಟ್ಟೆ ಉಬ್ಬರಿಸಿಕೊಂಡು ಬಿರಿಯುತ್ತದೆಂದು ತಮ್ಮ ದೂರು. ಹೀಗಾಗಿ ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು.

2. ಒಡಂಬಡಿಕೆಯ ಪೈಕಿ ಈ ಅರ್ಜಿಗೆ ಸಂಬಂಧಪಟ್ಟ ಷರತ್ತುಗಳನ್ನು ಇಲ್ಲಿ ಉದ್ಧರಿಸಲಾಗಿದೆ. ಷರತ್ತು 3: ತಂಪು ಹನ್ನೆರಡು ಡಿಗ್ರಿ, ಇಬ್ಬರೂ ಒಪ್ಪದೆ ಯಾರೂ ಗುಂಡಿ ತಿರುಗಿಸತಕ್ಕದ್ದಲ್ಲ. ಷರತ್ತು 4: ಡ್ರಮ್ಮನ್ನು ಕೆಂಪು ಗೆರೆಯ ಮೇಲೆ ತುಂಬತಕ್ಕದ್ದಲ್ಲ. ಷರತ್ತು 6: ಒಬ್ಬರ ಸಾಮಾನನ್ನು ಮತ್ತೊಬ್ಬರು ಕೈಯಿಂದಾಗಲಿ, ಬಟ್ಟೆಯಿಂದಾಗಲಿ, ಉಸಿರಿನಿಂದಾಗಲಿ ಮುಟ್ಟತಕ್ಕದ್ದಲ್ಲ. ಷರತ್ತು 7: ಯಾವುದೇ ಷರತ್ತನ್ನು ಮುರಿದವರು ಇಪ್ಪತ್ನಾಲ್ಕು ಗಂಟೆಯೊಳಗೆ ಶಾಶ್ವತವಾಗಿ ಜಾಗ ಖಾಲಿ ಮಾಡತಕ್ಕದ್ದು, ಮೇಲ್ಮನವಿಗೆ ಅವಕಾಶವಿಲ್ಲ. ಷರತ್ತು 7ನ್ನು ಬರೆಯುವಾಗ ನನ್ನ ಕಣ್ಣ ಮುಂದಿದ್ದ ಅಪರಾಧಿ ತಾವು. ಒಂದಲ್ಲ ಒಂದು ದಿನ ತಾವು ತಪ್ಪು ಮಾಡಿ ಸಿಕ್ಕಿಬೀಳುತ್ತೀರಿ, ಇಡೀ ಫ್ರಿಜ್ಜು ನನಗಾಗುತ್ತದೆ ಎಂದು ಲೆಕ್ಕ ಹಾಕಿ ಬರೆದದ್ದು. ಸಾಕ್ಷಿಯಾಗಿ ಸಹಿ ಹಾಕುವಾಗ ಅತ್ತೆಯವರು "ಅಯ್ಯೋ, ನಿಮ್ಮ ಮದುವೇಲೂ ನಾನು ಇಷ್ಟು ಸಹಿ ಹಾಕಿರ್ಲಿಲ್ಲ" ಎಂದಿದ್ದರು.

3. ಅಲ್ಲಿಂದ ಮುಂದೆ ಉಭಯ ವಿಭಾಗಗಳ ಸಾಧನೆ ಈ ಕೆಳಗಿನಂತಿದೆ. ಬಿಯರ್ ವಿಭಾಗ: ಹದಿನಾರು ಬ್ಯಾಚು. ಮೊದಲನೆಯದನ್ನು ಕುಡಿದ ನನ್ನ ಸಹೋದ್ಯೋಗಿ ಬೇರೆ ಶಾಖೆಗೆ ವರ್ಗ ಕೇಳಿಕೊಂಡ. (ಕಾರಣ ಬೇರೆ ಎಂದು ಅವನು ಹೇಳುತ್ತಾನೆ.) ಒಂಬತ್ತನೆಯದನ್ನು ಹೂವಿನ ಕುಂಡಕ್ಕೆ ಹಾಕಲಾಯಿತು, ಗಿಡ ಉಳಿಯಲಿಲ್ಲ. ಚೀಸ್ ವಿಭಾಗ: ಬೆಳ್ಳಗೆ, ದುಂಡಗೆ, ಸೌಮ್ಯ ಸ್ವಭಾವದ ಚೀಸು. ಯಾರಿಗೆ ಕೊಟ್ಟರೂ "ಚೆನ್ನಾಗಿದೆ" ಅನ್ನುತ್ತಿದ್ದರು. ಎರಡನೇ ತುಂಡು ಯಾರೂ ಕೇಳುತ್ತಿರಲಿಲ್ಲ. ತಮಗೆ ಅದು ಗೊತ್ತಿತ್ತು, ನೋಯುತ್ತಿತ್ತು.

ಇದೇ ಸಮಯದಲ್ಲಿ ತಾವು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಹೊಸ ಮಶೀನು ಬಂತು. ಹದಿನಾಲ್ಕು ವರ್ಷ ಹಲ್ಲಿನ ಸೆಟ್ಟುಗಳಿಗೆ ತಾವು ಕೈಯಲ್ಲಿ ಮಾಡುತ್ತಿದ್ದ ಅಚ್ಚನ್ನು ಅದು ಹನ್ನೆರಡು ನಿಮಿಷಕ್ಕೆ ಮಾಡುತ್ತದೆ. ಡಾಕ್ಟರು "ಇನ್ಮೇಲೆ ಬೆಳಿಗ್ಗೆ ಹೊತ್ತು ಮಾತ್ರ ಬಂದ್ರೆ ಸಾಕಮ್ಮ" ಅಂದರು. ಆ ಮಧ್ಯಾಹ್ನ ತಾವು ಮನೆಗೆ ಬಂದು ಚಪ್ಪಲಿ ಬಿಟ್ಟವರೇ ಹಿಂದಿನ ಕೋಣೆಗೆ ಹೋಗಿ ಚೀಸಿನ ಬಿಲ್ಲೆಗಳನ್ನು ಒಂದೊಂದಾಗಿ ಮಗುಚಿ ಇಡುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. "ಇದೊಂದಾದ್ರೂ ನನ್ನ ಕೈಲಿ ಉಳೀಬೇಕು ರೀ" ಅಂದಿರಿ. ನಾನು "ಬಾಗಿಲು ಬೇಗ ಹಾಕು, ತಂಪು ಹೋಗುತ್ತೆ" ಅಂದೆ. ಈ ಮಾತು ದಾಖಲೆಯಲ್ಲಿರಲಿ ಎಂದು ಬರೆದಿದ್ದೇನೆ.

4. ಈಗ ಮುಖ್ಯ ಘಟನೆ. ತಾವು ತಂಗಿಯ ಮನೆಗೆ ಮೂರು ದಿನ ಹೋಗಿದ್ದಾಗ ನಾನು ಹದಿನೇಳನೇ ಬ್ಯಾಚು ಹಾಕಿದೆ. ಮೊಳಕೆ ಬಾರ್ಲಿಯ ರಸ ಒಲೆಯ ಮೇಲೆ ಕುದಿಯುತ್ತಿದ್ದಾಗ ಅತ್ತೆಯವರು "ಅಳಿಯಂದ್ರೇ, ನನ್ನ ಕನ್ನಡಕ ಎಲ್ಲಾದ್ರೂ ನೋಡಿದ್ರಾ?" ಎಂದು ಕರೆದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಅದನ್ನು ಪತ್ತೆ ಹಚ್ಚಲು ನಮ್ಮಿಬ್ಬರಿಗೂ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪಾತ್ರೆ ತಳ ಹತ್ತಿ ಮನೆಯೆಲ್ಲ ಸುಟ್ಟ ವಾಸನೆ. ಕಹಿಗಾಗಿ ಹಾಕುವ ಹಾಪ್ಸ್ ಹೂವಿನ ಪೊಟ್ಟಣ ಕೊಡವಿದರೆ ಒಂದು ಚಿಟಿಕೆ ಬಿತ್ತು, ಅಷ್ಟೇ ಹಾಕಿದೆ. ಡ್ರಮ್ಮಿನ ಕೆಂಪು ಗೆರೆ ಮುಟ್ಟಿದ ಮೇಲೂ ಒಂದೂವರೆ ಲೀಟರ್ ರಸ ಉಳಿಯಿತು. ಚೆಲ್ಲಲು ಮನಸ್ಸು ಬರಲಿಲ್ಲ, ಅದನ್ನೂ ಹೊಯ್ದೆ. (ಷರತ್ತು 4ರ ಉಲ್ಲಂಘನೆ.) ಮರುದಿನ ಬೆಳಿಗ್ಗೆ ನೋಡಿದರೆ ಮುಚ್ಚಳದ ಮೇಲೆ ಗಾಳಿ ಹೊರಹೋಗಲು ಇಟ್ಟ ನೀರಿನ ಕೊಳವೆಯಲ್ಲಿ ಒಂದೇ ಒಂದು ಗುಳ್ಳೆ ಇಲ್ಲ. ಪಾಪ, ಯೀಸ್ಟಿಗೆ ಚಳಿಯಾಗಿರಬೇಕು ಅನಿಸಿತು. ಹನ್ನೆರಡನ್ನು ಹದಿನೆಂಟಕ್ಕೆ ತಿರುಗಿಸಿ ಕಚೇರಿಗೆ ಹೋದೆ. (ಷರತ್ತು 3ರ ಉಲ್ಲಂಘನೆ.)

ಸಂಜೆ ಬಂದು ಬಾಗಿಲು ತೆಗೆದರೆ ಫ್ರಿಜ್ಜಿನೊಳಗೆ ಮಳೆ. ನೊರೆ ಉಕ್ಕಿ, ಕೊಳವೆ ಕಟ್ಟಿಕೊಂಡು, ಒತ್ತಡ ತಾಳದೆ ಡ್ರಮ್ಮಿನ ಮುಚ್ಚಳ ಹಾರಿಹೋಗಿತ್ತು. ಮೇಲ್ಗಡೆಯಿಂದ ಬಿಯರು ತೊಟ್ಟಿಕ್ಕುತ್ತಿತ್ತು. ತಮ್ಮ ಮೂರು ಬಿಲ್ಲೆಗಳು ಡಬ್ಬಿಯೊಳಗಿದ್ದು ಬಚಾವಾಗಿದ್ದವು. ಒಣಗಲೆಂದು ತಾವು ಹೊರಗಿಟ್ಟು ಹೋಗಿದ್ದ ನಾಲ್ಕನೆಯದು ಮಾತ್ರ ನೆನೆದ ಬೆಕ್ಕಿನಂತೆ ಮೂಲೆಯಲ್ಲಿ ಕೂತಿತ್ತು. ನಾನು ತಲೆ ಮೇಲೆ ಕೈ ಹೊತ್ತು ಅದರ ಎದುರಿಗೇ ಕೂತೆ.

5. ತಾವು ಬರಲು ಒಂದು ದಿನ ಇತ್ತು. ಇಡೀ ಫ್ರಿಜ್ಜನ್ನು ಒರೆಸಿ ಫಳಫಳ ಮಾಡಿದೆ. ಬಿಲ್ಲೆಯನ್ನು ಏನು ಮಾಡುವುದು? ನೀರಲ್ಲಿ ತೊಳೆಯಬಾರದೆಂದು ತಾವು ಹೇಳಿದ್ದು ನೆನಪಿತ್ತು. ತಮ್ಮ ಉಪ್ಪುನೀರಿನ ಶೀಶೆಗೆ ಗೆರೆ ಎಳೆದಿಟ್ಟಿದ್ದಿರಿ, ಮುಟ್ಟಿದರೆ ಗೊತ್ತಾಗುತ್ತಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯನ್ನು ನಂಬಿ, ಡ್ರಮ್ಮಿನ ನಲ್ಲಿಯಿಂದ ಅರ್ಧ ಲೋಟ ಬಿಯರು ಹಿಡಿದು, ಅದರಲ್ಲೇ ಬಟ್ಟೆ ಅದ್ದಿ, ಅಂಟಂಟಾಗಿದ್ದ ಬಿಲ್ಲೆಯನ್ನು ಒರೆಸಿದೆ. (ಷರತ್ತು 6. ಕೈ, ಬಟ್ಟೆ, ಉಸಿರು ಮೂರೂ.) ಅಂಟು ಹೋಯಿತು. ಮರುದಿನ ಮತ್ತೆ ಬಂತು, ಮತ್ತೆ ಒರೆಸಿದೆ. ತಾವು ಏಳೂವರೆಗೆ ಆಸ್ಪತ್ರೆಗೆ ಹೊರಡುತ್ತೀರಿ, ನಾನು ಕಚೇರಿಗೆ ಹೊರಡುವುದು ಒಂಬತ್ತೂವರೆಗೆ. ಈ ಎರಡು ಗಂಟೆಗಳ ಅವಧಿಯಲ್ಲಿ ಐದು ವಾರ, ರಜಾ ದಿನಗಳನ್ನು ಬಿಟ್ಟು ದಿನವೂ ತಪ್ಪದೆ ಸದರಿ ಕೃತ್ಯ ನಡೆದಿದೆ. ಕಚೇರಿಯಲ್ಲಿ ನನ್ನ ಹಾಜರಾತಿ ಕೂಡ ಇಷ್ಟು ನಿಯಮಿತವಾಗಿಲ್ಲ.

ಬಳಸಿದ ಬಟ್ಟೆಯ ವಿವರ ಲಗತ್ತು 2ರಲ್ಲಿದೆ. ಅದನ್ನು ಓದುವ ಮುಂಚೆ ದಯವಿಟ್ಟು ಕೂತುಕೊಳ್ಳುವುದು.

6. ತಾವು ಊರಿಂದ ಬಂದ ದಿನ ಹೊಳೆಯುತ್ತಿದ್ದ ಫ್ರಿಜ್ಜನ್ನು ನೋಡಿ "ಇದೇನ್ರೀ ಇದು, ನೀವೇ ಒರೆಸಿದ್ದಾ?" ಅಂದಿರಿ. "ಸುಮ್ನೆ, ಟೈಮಿತ್ತು ಕಣೇ" ಅಂದೆ. ತಾವು ಆಮೇಲೆ ತಂಗಿಗೆ ಫೋನು ಮಾಡಿ "ನಮ್ಮೆಜಮಾನ್ರು ಹೇಳದೇನೇ ಫ್ರಿಜ್ಜು ಒರೆಸಿದ್ದಾರೆ ಕಣೇ, ನಂಬ್ತೀಯಾ?" ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಆ ಹುಳಿ ನನಗೆ ಎರಡು ದಿನ ಊಟ ಸೇರಿಸಲಿಲ್ಲ. ಅತ್ತೆಯವರು ಮಾತ್ರ ಒಂದು ಬೆಳಿಗ್ಗೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ನಾನು ಬಿಲ್ಲೆ ಒರೆಸುವುದನ್ನು ಪೂರ್ತಿ ನೋಡಿ, "ಮಗೂಗೆ ಮೈ ಒರೆಸೋ ಹಾಗೆ ಒರೆಸ್ತಿದ್ದೀರಲ್ಲ ಅಳಿಯಂದ್ರೇ" ಅಂದರು. "ಧೂಳು ಕೂತಿತ್ತು ಅತ್ತೆ" ಅಂದೆ. "ಬಾಗಿಲು ಹಾಕಿದ ಫ್ರಿಜ್ಜಿನೊಳಗೆ?" ಅಂದರು. ನಾನು ಬಿಲ್ಲೆಯನ್ನು ಮಗುಚಿ ಇನ್ನೊಂದು ಮಗ್ಗುಲು ಒರೆಸಿದೆ.

7. ಬಿಲ್ಲೆ ಕೆಂಪಗಾಗತೊಡಗಿತು. "ಇದ್ಯಾಕ್ರೀ ಇದೊಂದೇ ಹೀಗಾಗ್ತಿದೆ?" ಎಂದು ತಾವು ಕೇಳಿದಿರಿ. ಉಲ್ಲೇಖ 3ರ ಹೇಳಿಕೆಯನ್ನು ಮೊದಲ ಬಾರಿಗೆ ನೀಡಿದ್ದು ಆಗ. ತಾವು ಹಾಲು ಬದಲಾದದ್ದಿರಬೇಕು, ಉಪ್ಪು ಹೆಚ್ಚಾದದ್ದಿರಬೇಕು ಎಂದು ತಮ್ಮ ನೋಟುಪುಸ್ತಕದಲ್ಲಿ ಬರೆದುಕೊಂಡಿರಿ. ಕೊನೆಗೆ ಕತ್ತರಿಸಿದ ದಿನ ಅತ್ತೆಯವರು ಪಡಸಾಲೆಯಿಂದಲೇ "ಯಾರೇ ಅದು ಬೂಟು ಬಿಚ್ಚಿದ್ದು?" ಎಂದು ಕೂಗಿದರು. ತಾವು ಒಂದು ಚೂರು ಬಾಯಿಗಿಟ್ಟಿರಿ. ಇನ್ನೊಂದು ಚೂರು ನನ್ನ ಬಾಯಿಗಿಟ್ಟಿರಿ. ಮಾನ್ಯರೇ, ಆ ರುಚಿಯನ್ನು ವಿವರಿಸಲು ನೀರು ಸರಬರಾಜು ಕಚೇರಿಯ ಭಾಷೆ ಸಾಲದು. ಮೂಗು ಮುಚ್ಚಿಕೊಂಡು ಬಂದ ಅತ್ತೆಯವರು ಮೂರು ತುಂಡು ತಿಂದರು.

ಮರುದಿನ ನಾವಿಬ್ಬರೂ ಒಂದು ತುಂಡನ್ನು ಬೇಕರಿಗೆ ಒಯ್ದೆವು. ಅದರ ಒಡತಿ ಬೇಕರಿಯಮ್ಮ ತಿಂದು ಕಣ್ಣು ಮುಚ್ಚಿಕೊಂಡೇ ನಿಂತರು. "ಹೊಸ ಗಾಜಿನ ಕಪಾಟು ಮಾಡಿಸ್ತಿದ್ದೀನಿ. ಅದರಲ್ಲಿ ಒಂದು ಸಾಲು ನಿಮಗೇ. ನಿಮ್ಮ ಹೆಸರಿನ ಚೀಟಿ ಹಾಕಿ ಇಡ್ತೀನಿ. ಆದ್ರೆ ಇದೇ ರುಚಿ ಬೇಕು, ತಿಂಗಳಿಗೆ ನಾಲ್ಕು" ಅಂದರು. ದಾರಿಯಲ್ಲಿ ತಾವು ನನ್ನ ತೋಳು ಹಿಡಿದುಕೊಂಡು ನಡೆದಿರಿ. ಮನೆಗೆ ಬಂದು ಹಳೇ ಹಲ್ಲಿನಚ್ಚುಗಳಿದ್ದ ಡಬ್ಬಿ ಖಾಲಿ ಮಾಡಿ ಅದರಲ್ಲಿ ಚೀಸಿನ ಬಟ್ಟೆಗಳನ್ನು ಮಡಿಸಿಟ್ಟಿರಿ. ಆಸ್ಪತ್ರೆಯ ಮಾತು ಅಂದು ಒಂದು ಸಲವೂ ಎತ್ತಲಿಲ್ಲ.

8. ಆಗಲಾದರೂ ನಾನೇಕೆ ಹೇಳಲಿಲ್ಲ ಎಂಬ ಬಗ್ಗೆ ವಿವರಣೆ:
ಕಾರಣ ಒಂದು, ಷರತ್ತು 7ರ ಭಯ. ನಾನು ತೋಡಿದ ಹಳ್ಳ ನನಗೇ ಬಾಯಿ ತೆರೆದು ಕೂತಿತ್ತು.
ಕಾರಣ ಎರಡು, ತಾವು ಅಷ್ಟು ಖುಷಿಯಾಗಿದ್ದಾಗ "ಅದು ನಿನ್ನ ಕೈಗುಣ ಅಲ್ಲ, ನನ್ನ ಬಿಯರಿನ ಕೊಚ್ಚೆ" ಎಂದು ಹೇಳಲು ನಾಲಿಗೆ ಏಳಲಿಲ್ಲ.
ಕಾರಣ ಮೂರು. ಇದನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಈಗ ಹಾಗೇ ಬಿಡುತ್ತೇನೆ. ಬೇಕರಿಯಮ್ಮ ಕಣ್ಣು ಮುಚ್ಚಿದಾಗ ನಾನು ಒಳಗೊಳಗೇ ಬೀಗಿದೆ. ಮೂರು ವರ್ಷದಲ್ಲಿ ನನ್ನ ಬಿಯರು ಬಾಯಿಗಿಟ್ಟವರೆಲ್ಲ ಮುಖ ಕಿವುಚಿದ್ದಾರೆ. ಮೊದಲ ಬಾರಿಗೆ ಒಬ್ಬರು ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದರು. ಆ ಹೊಗಳಿಕೆಯಲ್ಲಿ ಅರ್ಧ ನನ್ನದು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅದು ಕದ್ದು ತಿಂದ ಸಿಹಿಯ ಹಾಗಿತ್ತು, ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಇದಕ್ಕೆ ನನಗೆ ನಾಚಿಕೆಯಿದೆ.

9. ಅಲ್ಲಿಂದ ಈಚೆಗೆ ತಾವು ಮೂರು ಸಲ ಮಾಡಿದಿರಿ. ನೋಟುಪುಸ್ತಕದಲ್ಲಿದ್ದಂತೆ ಅದೇ ಹಾಲು, ಅದೇ ಉಪ್ಪು. ಮೊದಲನೆಯದು ಎಂದಿನಂತೆ ಬೆಳ್ಳಗೆ ಬಂತು. ಎರಡನೆಯದು ಕಹಿಯಾಯಿತು. ಕಹಿಯ ಕಾರಣವನ್ನು ತಾವು ಹದಿನೈದು ದಿನ ಹುಡುಕಿದಿರಿ, ಹಾಲಿನವಳನ್ನು ಬೈದಿರಿ, ಕೊನೆಗೆ "ನನ್ನ ಕೈಯೇ ಕೆಟ್ಟಿದೆ" ಎಂದು ಕಣ್ಣೀರು ಹಾಕಿದಿರಿ. ಮಾನ್ಯರೇ, ಆ ಕಹಿ ನನ್ನದು. ತಮಗೆ ಗೊತ್ತಾಗದಂತೆ ಸಹಾಯ ಮಾಡಿಬಿಡೋಣ ಎಂದು ನಾನು ಹೊಸ ಬಟ್ಟೆ ತಂದು, ಆಗ ಡ್ರಮ್ಮಿನಲ್ಲಿದ್ದ ಹತ್ತೊಂಬತ್ತನೇ ಬ್ಯಾಚಿನಿಂದ ಒರೆಸಿದ್ದೆ. ಅದಕ್ಕೆ ಹಾಪ್ಸ್ ಹೂವನ್ನು ಎರಡು ಮುಷ್ಟಿ ಹಾಕಿದ್ದೆ. ತಾವು ಅತ್ತಾಗ ನಾನು ಪಕ್ಕದಲ್ಲಿ ನಿಂತು "ಹೋಗ್ಲಿ ಬಿಡು, ಮುಂದಿನ ಸಲ ಸರಿ ಹೋಗುತ್ತೆ" ಅಂದೆ. ತಪ್ಪಾಯ್ತು ಕಣೇ. ನಿನ್ನ ಕೈಯಲ್ಲಿ ಏನೂ ಕೆಟ್ಟಿರಲಿಲ್ಲ.

(ಮೇಲಿನ ಎರಡು ವಾಕ್ಯಗಳಲ್ಲಿ ಅರ್ಜಿಯ ಭಾಷೆ ತಪ್ಪಿದೆ. ಮನ್ನಿಸುವುದು. ಹೊಡೆದುಹಾಕುವುದಿಲ್ಲ.)

ಮೂರನೆಯ ಸಲ ತಾವು ಹಟ ಹಿಡಿದು ಬಟ್ಟೆ, ಹಲಗೆ, ಜಾಲರಿ ಎಲ್ಲ ಕುದಿಸಿ, ಫ್ರಿಜ್ಜನ್ನು ಸೋಡಾ ಹಾಕಿ ಉಜ್ಜಿದಿರಿ. ಮೊದಲಿನ ಕೆಂಪು ಬಿಲ್ಲೆಯಿಂದ ಅಲ್ಲಿ ಏನಾದರೂ ಜೀವ ಉಳಿದಿದ್ದರೆ ಅದೂ ಅಂದು ಹೋಯಿತು. ಉಜ್ಜಲು ನಾನೇ ಬಕೆಟ್ಟು ಹಿಡಿದು ಸಹಾಯ ಮಾಡಿದೆ.

10. ಹಾಗಾದರೆ ಹದಿನೇಳನೇ ಬ್ಯಾಚನ್ನು ಮತ್ತೆ ಮಾಡಿದರಾಯಿತಲ್ಲ ಎಂದು ತಾವು ಕೇಳಬಹುದು. ನನ್ನ ಬಿಯರಿನ ದಾಖಲೆ ಪುಸ್ತಕ ತೆಗೆದು ನೋಡಿದೆ. ಹದಿನೇಳರ ಎದುರು "ಮೇಲಿನಂತೆ" ಎಂದಿದೆ. ಮೇಲೆ ಹದಿನಾರರ ಎದುರು "ಮೇಲಿನಂತೆ". ಹೀಗೆ ಹನ್ನೆರಡರವರೆಗೂ ಹೋಗುತ್ತದೆ. ಹನ್ನೊಂದರ ಹಾಳೆಯನ್ನು ಅಲುಗಾಡುತ್ತಿದ್ದ ಮೇಜಿನ ಕಾಲ ಕೆಳಗೆ ಮಡಿಸಿ ಇಟ್ಟವನು ನಾನೇ, ಅದು ಒದ್ದೆಯಾಗಿ ಹಿಟ್ಟಾಗಿದೆ. ಊರಿನ ಯಾವ ಬೀದಿಯ ಯಾವ ನಲ್ಲಿಗೆ ಯಾವ ವರ್ಷ ಹೊಸ ವಾಷರ್ ಹಾಕಿದರು ಎಂದು ಕೇಳಿದರೆ ಐದು ನಿಮಿಷದಲ್ಲಿ ಕಡತ ತೆಗೆದುಕೊಡುವ ಮನುಷ್ಯ ನಾನು. ಈವರೆಗೆ ಯಾರೂ ಕೇಳಿಲ್ಲ. ಒಬ್ಬರು ಕೇಳುವಂಥ ಒಂದೇ ಒಂದು ದಾಖಲೆ ನನ್ನ ಕೈಯಲ್ಲಿತ್ತು, ಅದನ್ನು ಹೀಗೆ ಮಾಡಿದ್ದೇನೆ. ಆದಕಾರಣ, ತಳ ಹತ್ತಿದ್ದು, ಒಂದು ಚಿಟಿಕೆ ಹೂವು, ಹದಿನೆಂಟು ಡಿಗ್ರಿ ಎಂಬ ಪ್ಯಾರಾ 4ರ ವಿವರವೇ ಸದರಿ ಬ್ಯಾಚಿನ ಏಕೈಕ ದಾಖಲೆಯೆಂದು ಪರಿಗಣಿಸತಕ್ಕದ್ದು.

ಆದರೆ ಹದಿನೇಳರ ನಾಲ್ಕು ಬಾಟಲಿ ಉಳಿದಿವೆ. ಯಾರೂ ಕುಡಿಯದ ಕಾರಣ ಉಳಿದದ್ದು. ಅತ್ತೆಯವರು ಒಂದು ಗುಟುಕು ಕುಡಿದು "ಇದು ಬಿಯರ್ರಾ, ಕೆಮ್ಮಿನ ಔಷಧೀನಾ?" ಎಂದು ಕೇಳಿದ್ದು ಈ ಬಿಯರಿಗೇ. ನನಗೂ ಪೂರ್ತಿ ಕುಡಿಯಲಾಗಲಿಲ್ಲ.

11. ನಿನ್ನೆ ಸಂಜೆ ಮೂರನೆಯ ಬಿಲ್ಲೆ ಕತ್ತರಿಸಿ, ಒಂದು ಚೂರು ತಿಂದು, ತಾವು ಚಾಕು ತೊಳೆದಿಟ್ಟಿರಿ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿ ಹೋಗಿತ್ತು, ಅಷ್ಟೇ. ನಂಗೆ ಬರಲ್ಲ ಇದು" ಅಂದಿರಿ. ಚೀಸಿನ ಅಚ್ಚುಗಳನ್ನು ಒರೆಸಿ, ಚೀಸ್ ಒತ್ತುವ ಮರದ ಚೌಕಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ, ಸ್ಟೂಲು ಹತ್ತಿ ಅಟ್ಟಕ್ಕೆ ಹಾಕಿದಿರಿ. "ನಾಳೆ ಹನ್ನೊಂದಕ್ಕೆ ಹೋಗಿ ಬೇಕರಿಯಮ್ಮನಿಗೆ ಆಗಲ್ಲ ಅಂತ ಹೇಳಿ ಬರ್ತೀನಿ" ಅಂದಿರಿ. ಆಮೇಲೆ ಉಲ್ಲೇಖ 2ರ ಆದೇಶವಾಯಿತು. ಮೂರು ವರ್ಷದಿಂದ ನಾನು ಹೊಂಚು ಹಾಕಿ ಕಾಯುತ್ತಿದ್ದ ಇಡೀ ಫ್ರಿಜ್ಜು ಅದು. ಬಾಗಿಲು ತೆಗೆದು ನೋಡಿದೆ. ಮೇಲಿನ ಜಾಲರಿಗಳು ಖಾಲಿ. ಬಾಗಿಲು ಹಾಕಿ ಮತ್ತೊಮ್ಮೆ ತೆಗೆದೆ, ಆಗಲೂ ಖಾಲಿ.

ತಾವು ಬೈದಿದ್ದರೆ, ಕೂಗಾಡಿದ್ದರೆ ನಾನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ತಾವು ಬಹಳ ಮರ್ಯಾದೆಯಿಂದ ಮಾತಾಡಿದಿರಿ. ನಿನ್ನೆ ಸಂಜೆಯಿಂದ ಈ ಹೊತ್ತಿನವರೆಗೆ ತಾವು ನನ್ನನ್ನು ಒಂದು ಸಲವೂ "ರೀ" ಎಂದು ಕರೆದಿಲ್ಲ.

12. ಇಂದು ಬೆಳಿಗ್ಗೆ ಅತ್ತೆಯವರು ಬಚ್ಚಲ ಬಾಗಿಲಲ್ಲಿ ನನ್ನನ್ನು ಅಡ್ಡಗಟ್ಟಿ, ಬ್ರಷ್ಷು ಬಾಯಿಂದ ತೆಗೆದು, "ಅವಳು ಹನ್ನೊಂದಕ್ಕೆ ಹೊರಡ್ತಾಳೆ. ಹತ್ತೂವರೆವರೆಗೆ ಹೇಳೋ ಸರದಿ ನಿಮ್ಮದು, ಆಮೇಲೆ ನಂದು" ಅಂದರು. ನಾನು "ಏನು ಹೇಳೋದು ಅತ್ತೆ?" ಅಂದೆ. "ಧೂಳಿನ ವಿಷಯ" ಅಂದರು.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದ, ತಮ್ಮಲ್ಲಿ ವಿಧೇಯತೆಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ:

ಅ) ಉಲ್ಲೇಖ 2ರ ಆದೇಶವನ್ನು ಈ ಕೂಡಲೇ ರದ್ದುಪಡಿಸುವುದು.

ಆ) ಷರತ್ತು 3, 4, 6ನ್ನು ಮುರಿದಿರುವ ನನ್ನನ್ನು ಷರತ್ತು 7ರ ಪ್ರಕಾರ ಫ್ರಿಜ್ಜಿನಿಂದ ಶಾಶ್ವತವಾಗಿ ಹೊರಹಾಕುವುದು. ಮೇಲ್ಮನವಿ ಸಲ್ಲಿಸುವುದಿಲ್ಲ.

ಇ) ಹನ್ನೊಂದು ಗಂಟೆಗೆ ಬೇಕರಿಯಮ್ಮನ ಬಳಿ "ಆಗಲ್ಲ" ಅನ್ನುವ ಬದಲು "ಇನ್ನಾರು ವಾರ ಕೊಡಿ" ಎಂದು ಕೇಳುವುದು.

ಈ) ಲಗತ್ತಿಸಿರುವ ನಾಲ್ಕು ಬಾಟಲಿಗಳನ್ನು ಸ್ವೀಕರಿಸಿ ಬಿಲ್ಲೆ ಒರೆಸಲು ಬಳಸುವುದು. ಬಾಟಲಿಗಳನ್ನು ಅಲುಗಾಡಿಸಬಾರದು. ತಳದಲ್ಲಿ ಕೂತಿರುವ ಚರಟದಲ್ಲಿ ಆ ಹದಿನೇಳರ ಯೀಸ್ಟು ಇನ್ನೂ ಜೀವಂತವಾಗಿರಬಹುದು. ಅದಕ್ಕೆ ಸ್ವಲ್ಪ ಬಾರ್ಲಿ ರಸ ಕೊಟ್ಟು ಸಾಕಿದರೆ ಅದೇ ಬಿಯರನ್ನು ಮತ್ತೆ ಎಬ್ಬಿಸಬಹುದು. ತಾವು ಕೇಳಿದರೆ, ತಳ ಹತ್ತುವವರೆಗೆ ಅತ್ತೆಯವರ ಕನ್ನಡಕ ಹುಡುಕಲು ನಾನು ಸಿದ್ಧ.

ಉ) ಗಾಜಿನ ಕಪಾಟಿನ ಚೀಟಿಯ ಮೇಲೆ ತಮ್ಮ ಹೆಸರು ಮಾತ್ರ ಇರತಕ್ಕದ್ದು. ಹಾಲು ತಮ್ಮದು, ಅಚ್ಚು ತಮ್ಮದು, ಅಷ್ಟು ದಿನ ಮಗುಚಿಟ್ಟ ಕೈ ತಮ್ಮದು. ನಾನು ಮಾಡಿದ್ದು ಚೆಲ್ಲಿದ್ದು ಮತ್ತು ಒರೆಸಿದ್ದು.

ಊ) ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ಬಿಲ್ಲೆ ಒರೆಸುವ ಕೆಲಸಕ್ಕೆ ಯಾರಾದರೂ ಬೇಕಾದಲ್ಲಿ, ನನ್ನ ಹೆಸರನ್ನು ಹಂಗಾಮಿ ನೆಲೆಯಲ್ಲಿ ಪರಿಶೀಲಿಸುವುದು. ಅನುಭವ: ಐದು ವಾರ. ಸಂಬಳ ಬೇಡ. ತಪ್ಪಿದಲ್ಲಿ ಕಾರಣ ಕೇಳದೆ ತೆಗೆದುಹಾಕಬಹುದು.

ತಮ್ಮ ವಿಶ್ವಾಸಿ (ಈ ಪದಕ್ಕೆ ನಾನು ಸದ್ಯ ಅರ್ಹನಲ್ಲ, ನಮೂನೆಯಲ್ಲಿ ಇರುವ ಕಾರಣ ಬರೆದಿದೆ),

(ಸಹಿ)
ಮಾಜಿ ಅನುಭೋಗದಾರ, ಕೆಳಂತಸ್ತು

ಲಗತ್ತುಗಳು:
1. ಹದಿನೇಳನೇ ಬ್ಯಾಚಿನ ಬಿಯರ್, ನಾಲ್ಕು ಬಾಟಲಿ. ಮುಚ್ಚಳ ತೆಗೆದಿಲ್ಲ.
2. ಒರೆಸಲು ಬಳಸಿದ ಬಟ್ಟೆ, ಒಂದು. ಅದು ನನ್ನ ಹಳೇ ಬನಿಯನ್ನಿನ ಬೆನ್ನಿನ ಭಾಗ. ಒಗೆದದ್ದು. (ಆ ಐದು ವಾರ ಶುರುವಾಗುವ ಮೊದಲು, ಒಂದು ಸಲ.) ಕೆಂಪು ಬಣ್ಣದ ಮತ್ತು ಆ ರುಚಿಯ ಕೀರ್ತಿ ಬಿಯರಿಗೆ ಸಲ್ಲಬೇಕೋ ಬನಿಯನ್ನಿಗೋ ಎಂಬುದು ಈವರೆಗೆ ಇತ್ಯರ್ಥವಾಗಿಲ್ಲ. ಹೊಸ ಬಟ್ಟೆ ಬಳಸಿದಾಗ ಕೆಂಪು ಬರಲಿಲ್ಲವೆಂಬುದನ್ನು ಮಾತ್ರ ಭಾರವಾದ ಮನಸ್ಸಿನಿಂದ ತಮ್ಮ ಗಮನಕ್ಕೆ ತರುತ್ತೇನೆ. ಬೇಕರಿಯಮ್ಮನಿಗೆ ಈ ಲಗತ್ತಿನ ಪ್ರತಿ ಕಳಿಸುವ ಅಗತ್ಯವಿಲ್ಲ.
3. ಬಿಯರಿನ ದಾಖಲೆ ಪುಸ್ತಕ, "ಮೇಲಿನಂತೆ" ಸಹಿತ.
4. ಫ್ರಿಜ್ಜಿನ ಬಾಗಿಲಿಂದ ಕಿತ್ತ ಒಡಂಬಡಿಕೆ. ಷರತ್ತು 7ರ ಕೆಳಗೆ ಕೆಂಪು ಗೆರೆ ಎಳೆದಿದೆ.

ಪ್ರತಿ: ಸಾಕ್ಷಿದಾರರಾದ ಅತ್ತೆಯವರಿಗೆ, ಮಾಹಿತಿಗಾಗಿ. (ಅವರಿಗೆ ಮಾಹಿತಿ ಮೊದಲೇ ಇದೆ.)

ವಿ.ಸೂ.: ಚೀಸ್ ಒತ್ತುವ ಚೌಕಟ್ಟನ್ನು ತಮ್ಮ ಅನುಮತಿಯಿಲ್ಲದೆ ಈಗಾಗಲೇ ಅಟ್ಟದಿಂದ ಇಳಿಸಿ, ಪೇಪರು ಬಿಚ್ಚಿ, ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇನೆ. ಇದಕ್ಕೆ ಘಟನೋತ್ತರ ಮಂಜೂರಾತಿ ನೀಡಬೇಕು. ಅರ್ಜಿದಾರನು ಹಿತ್ತಿಲ ಮೆಟ್ಟಿಲ ಮೇಲೆ ತನ್ನ ಡ್ರಮ್ಮಿನ ಪಕ್ಕ ಕೂತಿದ್ದಾನೆ. ಆದೇಶವನ್ನು ಲಿಖಿತವಾಗಿ ಕೊಡುವ ಅಗತ್ಯವಿಲ್ಲ. ಅಡುಗೆಮನೆಯ ಕಿಟಕಿಯಿಂದ ಎಷ್ಟು ಬೇಕಾದರೂ ಬೈಯಬಹುದು. ಆ ಬೈಗುಳ "ರೀ" ಎಂದು ಶುರುವಾದಲ್ಲಿ ಅರ್ಜಿ ಮಂಜೂರಾಯಿತೆಂದು ಭಾವಿಸಿ ಒಳಗೆ ಬರಲಾಗುವುದು.